ಸೇತುವೆಗೂ ವಯಸ್ಸಾಗುತ್ತದೆ

ಮುಂಗಾರು ಬಲಿತು, ಆಗುಂಬೆಯ ಘಟ್ಟದ ಮೇಲೆ ನಾಲ್ಕು ದಿನ ಬಿಡದೆ ಮಳೆ ಹೊಯ್ದಿತೆಂದರೆ, ಶಿವಮೊಗ್ಗದ ಜನ ಕೊಡೆ ಹಿಡಿದು ಕೋರ್ಪಲಯ್ಯನ ಛತ್ರದ ಕಡೆಗೆ ಹೆಜ್ಜೆ ಹಾಕುತ್ತಾರೆ. ಅಲ್ಲಿ ತುಂಗೆಯ ಪಾತ್ರದಲ್ಲಿ ಕಲ್ಲಿನ ಮಂಟಪವೊಂದು ನಿಂತಿದೆ. ಹೊಳೆಗೆ ಎಷ್ಟು ಕ್ಯೂಸೆಕ್ ನೀರು ಬಂದಿತೆಂಬುದನ್ನು ಇಲಾಖೆಯವರು ಅಂಕಿಗಳಲ್ಲಿ ಹೇಳುತ್ತಾರೆ. ಊರಿನವರಿಗೆ ಆ ಮಂಟಪವೇ ಅಳತೆಗೋಲು. “ಮಂಟಪ ಮುಳುಗಿತಂತೆ” ಎಂಬ ಮಾತು ಗಾಂಧೀ ಬಜಾರನ್ನು ಮುಟ್ಟಿದರೆ ಸಾಕು, ಹಳೆಯ ಸೇತುವೆಯ ಅಂಚಿನುದ್ದಕ್ಕೂ ತಲೆಗಳು ಸಾಲುಗಟ್ಟುತ್ತವೆ. ಕೆಂಪು ನೀರು, ತೇಲಿಬರುವ ಮರದ ದಿಮ್ಮಿ, ಬುಡಸಮೇತ ಕಿತ್ತುಬಂದ ಬಿದಿರುಮೆಳೆ, ಇವನ್ನು ನೋಡುತ್ತ ಮಕ್ಕಳು ಕೇಕೆ ಹಾಕುತ್ತವೆ.

ಆ ಸಾಲಿನಲ್ಲಿ ನಿಂತವರು ಮಂಟಪವನ್ನು ನೋಡುತ್ತಾರೆ, ನೀರನ್ನು ನೋಡುತ್ತಾರೆ. ತಾವು ನಿಂತಿರುವ ಸೇತುವೆಯನ್ನು ನೋಡುವವರು ವಿರಳ. ಅದು ಅವರ ಅಜ್ಜಂದಿರ ಕಾಲದಿಂದಲೂ ಅಲ್ಲಿಯೇ ಇದೆ. ನಾಳೆಯೂ ಇರುತ್ತದೆಂಬುದು ಅವರ ನಂಬಿಕೆ. ಈ ನಂಬಿಕೆ ಯಾವ ಆಧಾರದ ಮೇಲೆ ನಿಂತಿದೆ, ಅದನ್ನು ವರ್ಷವರ್ಷವೂ ಪರೀಕ್ಷಿಸಬೇಕಾದವರು ಯಾರು, ಅವರು ನೋಡುವುದೇನು, ಅವರ ಕಣ್ಣಿಗೆ ತಪ್ಪಿಹೋಗುವುದೇನು ಎಂಬುದು ಕುತೂಹಲದ ವಿಷಯವಷ್ಟೇ ಅಲ್ಲ. ಪ್ರಾಣದ ವಿಷಯವೂ ಹೌದು.

ಎರಡು ಹೊಳೆ, ಎರಡು ಸ್ವಭಾವ

ತುಂಗೆ ಭದ್ರೆಯರು ವರಾಹ ಪರ್ವತದ ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿದ ಅಕ್ಕತಂಗಿಯರು. ಕೂಡಲಿಯಲ್ಲಿ ಒಂದಾಗುವ ಮುನ್ನ ಒಬ್ಬಳು ಶಿವಮೊಗ್ಗವನ್ನೂ ಇನ್ನೊಬ್ಬಳು ಭದ್ರಾವತಿಯನ್ನೂ ಸೀಳಿಕೊಂಡು ಹೋಗುತ್ತಾರೆ. ಎರಡೂರಿಗೂ ಸೇತುವೆಯಿಲ್ಲದೆ ಬಾಳಿಲ್ಲ. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ದಾರಿಯಾದುದರಿಂದ ಈಗಲೂ ಜನ ಬಿ.ಎಚ್. ರಸ್ತೆಯೆಂದೇ ಕರೆಯುವ ಹೆದ್ದಾರಿ ಇವೆರಡು ಊರುಗಳನ್ನೂ ಹಾದುಬರುತ್ತದೆ. ಬಹುಕಾಲ ರಾಷ್ಟ್ರೀಯ ಹೆದ್ದಾರಿ 206 ಎನ್ನಿಸಿಕೊಂಡಿದ್ದ ಈ ದಾರಿಗೆ ಇಲ್ಲಿ ಈಗ 69ರ ಸಂಖ್ಯೆ.

ಅಕ್ಕತಂಗಿಯರಾದರೂ ಇಬ್ಬರ ಸ್ವಭಾವ ಬೇರೆ. ಶಿವಮೊಗ್ಗದ ಮೇಲುಭಾಗದಲ್ಲಿ ಗಾಜನೂರಿನಲ್ಲಿ ತುಂಗೆಗೆ ಒಂದು ಅಣೆಕಟ್ಟೆಯುಂಟು. ಅದರ ಹೊಟ್ಟೆ ಚಿಕ್ಕದು, 3.24 ಟಿ.ಎಂ.ಸಿ. ನೀರಿಗೇ ತುಂಬಿಬಿಡುತ್ತದೆ. ಜೂನ್ ತಿಂಗಳ ಮಳೆಗೇ ಅದು ತುಂಬಿದರೆ, ಅನಂತರ ಶೃಂಗೇರಿ ತೀರ್ಥಹಳ್ಳಿಗಳ ಕಡೆ ಬಿದ್ದ ನೀರೆಲ್ಲವೂ ತಡೆಯಿಲ್ಲದೆ ಶಿವಮೊಗ್ಗಕ್ಕೆ ಬಂತೆಂದೇ ಲೆಕ್ಕ. ಭದ್ರೆಯಾದರೋ ಲಕ್ಕವಳ್ಳಿಯ ಹತ್ತಿರ 186 ಅಡಿಯ ಜಲಾಶಯದಲ್ಲಿ ಬಂಧಿ. ಅಲ್ಲಿ 71.5 ಟಿ.ಎಂ.ಸಿ.ಗೆ ಇಂಬುಂಟು. ಅದು ತುಂಬುವತನಕ ಭದ್ರಾವತಿಯ ಸೇತುವೆಯ ಕೆಳಗೆ ಹೊಳೆ ಸಾಧುವಾಗಿ ಹರಿಯುತ್ತದೆ. ತುಂಬಿ ಗೇಟು ಎತ್ತಿದರೋ, ಊರಿನಲ್ಲಿ ಹನಿ ಮಳೆಯಿಲ್ಲದ ದಿನವೂ ಪ್ರವಾಹ ಬರಬಹುದು. ತುಂಗೆಯ ಸೇತುವೆಗೆ ಮೋಡದ ಭಯವಾದರೆ ಭದ್ರೆಯ ಸೇತುವೆಗೆ ಗೇಟಿನ ಭಯ.

ಗೇಟು ತೆರೆದಾಗ ಭದ್ರಾವತಿಯಲ್ಲೊಂದು ವಿಚಿತ್ರ ನಡೆಯುತ್ತದೆ. ಊರಿನ ಎರಡು ದಡಗಳನ್ನು ಕೂಡಿಸುವ ‘ಹೊಸ ಸೇತುವೆ’ ತಗ್ಗಿನದು; ಅದು ನೀರಿನಲ್ಲಿ ಮುಳುಗುತ್ತದೆ. ಪೊಲೀಸಿನವರು ಅದರ ಎರಡೂ ತುದಿಗೆ ಅಡ್ಡಕಟ್ಟಿ ನಿಲ್ಲುತ್ತಾರೆ. ಹತ್ತೊಂಬತ್ತನೆಯ ಶತಮಾನದವರು ಬಿಟ್ಟುಹೋದ ಹಳೆಯ ಸೇತುವೆ ಮಾತ್ರ ನೀರಿನ ಮೇಲೆ ತಲೆಯೆತ್ತಿ ನಿಂತು, ಹರಯದವನ ಹೊರೆಯನ್ನೂ ತಾನೇ ಹೊರುತ್ತದೆ. “ಹಳೇದೇ ಗಟ್ಟಿ ಕಣಪ್ಪ” ಎಂದು ಊರಿನ ಹಿರಿಯರು ಮೀಸೆ ತಿರುವುವುದು ಇಂತಹ ದಿನಗಳಲ್ಲಿಯೇ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಮುಂದೆ ನೋಡೋಣ.

ಕಮಾನಿನ ಗುಟ್ಟು

ಆಗಿನ್ನೂ ಭದ್ರಾವತಿಯೆಂಬ ಹೆಸರಿರಲಿಲ್ಲ, ಅದು ಬೆಂಕಿಪುರ. ಕಬ್ಬಿಣದ ಕಾರ್ಖಾನೆಯ ಕನಸನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿ, ಅದು 1923ರಲ್ಲಿ ಬೀಡುಕಬ್ಬಿಣ ಇಳಿಸತೊಡಗಿದ್ದಕ್ಕೆ ಎಷ್ಟೋ ಮೊದಲೇ, ಶಿವಮೊಗ್ಗದಲ್ಲಿ ತುಂಗೆಗೂ ಬೆಂಕಿಪುರದಲ್ಲಿ ಭದ್ರೆಗೂ ಸೇತುವೆಗಳಾಗಿದ್ದವು. ಮೈಸೂರು ಸೀಮೆಯಲ್ಲಿ ಅದು ರಸ್ತೆಗಳ ಯುಗ. ಕಮಿಷನರ್ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ ಸುಮಾರು 1,600 ಮೈಲಿ ರಸ್ತೆಯೂ ಮುನ್ನೂರಕ್ಕೆ ಮೇಲ್ಪಟ್ಟು ಸೇತುವೆಗಳೂ ಆದುವು. 1856ರಲ್ಲಿ ಮರಾಮತ್ತು ಇಲಾಖೆ ಹುಟ್ಟಿತು. ಇದೇ ತುಂಗಭದ್ರೆಗೆ ಕೆಳಗೆ ಹರಿಹರದಲ್ಲಿ 1868ರಲ್ಲಿ ಅರವತ್ತಡಿಯ ಹದಿನಾಲ್ಕು ಕಮಾನುಗಳ ಸೇತುವೆ ಸಿದ್ಧವಾಯಿತು. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಾವೇರಿಗೆ ಕಟ್ಟಿಸಿದ ಕಲ್ಲುಕಂಬದ ಸೇತುವೆಯಂತೂ 1924ರ ಮಹಾಪ್ರವಾಹವನ್ನೂ ತಾಳಿಕೊಂಡಿತು.

ಇವರ ಕೈಯಲ್ಲಿ ಸಿಮೆಂಟಿರಲಿಲ್ಲ, ಉಕ್ಕಿನ ಸರಳಿರಲಿಲ್ಲ. ಇದ್ದದ್ದು ಕಲ್ಲು, ಇಟ್ಟಿಗೆ, ಸುಣ್ಣ, ಸುರ್ಕಿ. ಕಲ್ಲಿಗೊಂದು ಗುಣವುಂಟು: ಎಷ್ಟು ಅದುಮಿದರೂ ಸಹಿಸುತ್ತದೆ, ಎಳೆದರೆ ಬಿರಿಯುತ್ತದೆ. ಕಮಾನಿನ ಜಾಣ್ಮೆಯಿರುವುದು ಇಲ್ಲಿಯೇ. ಮೇಲಿನ ಭಾರವೆಲ್ಲ ಒಂದು ಕಲ್ಲಿನಿಂದ ಪಕ್ಕದ ಕಲ್ಲಿಗೆ ಅದುಮಿಕೊಳ್ಳುತ್ತ ಹೋಗಿ ಕಡೆಗೆ ಕಂಬದ ಬುಡಕ್ಕೂ ದಡದ ಗೋಡೆಗೂ ಇಳಿಯುತ್ತದೆ. ಯಾವ ಕಲ್ಲನ್ನೂ ಯಾರೂ ಎಳೆಯುವುದಿಲ್ಲ. ಎತ್ತಿನ ಗಾಡಿಗೆಂದು ಕಟ್ಟಿದ ಕಮಾನು ಲಾರಿಯನ್ನೂ ಹೊರುವುದರ ಗುಟ್ಟು ಇದು. ಕಮಾನಿನ ಸ್ವಂತ ತೂಕವೇ ಅಷ್ಟು ಅಗಾಧವಾಗಿರುವುದರಿಂದ ಮೇಲೆ ಹೋಗುವ ವಾಹನ ಅದಕ್ಕೊಂದು ನೊಣದ ಭಾರ ಎಂದು ಕೆಲವರು ಹೇಳುವುದುಂಟು.

ಆದರೆ ನೊಣವೂ ಬೆಳೆದಿದೆ. ತುಂಬಿದ ಜೋಡೆತ್ತಿನ ಗಾಡಿ ಹೆಚ್ಚೆಂದರೆ ಒಂದೂವರೆ ಟನ್ನು ತೂಗೀತು. ಭದ್ರಾವತಿಗೆ ಕಬ್ಬಿಣದ ಕಾರ್ಖಾನೆಯ ಹಿಂದೆ ಕಾಗದದ ಕಾರ್ಖಾನೆಯೂ ಬಂದ ಮೇಲೆ ಈ ದಾರಿಯಲ್ಲಿ ಉಕ್ಕು, ಬಿದಿರು, ದಿಮ್ಮಿ ಹೊತ್ತ ಲಾರಿಗಳು ಹಗಲಿರುಳು ಓಡಿದುವು. 2018ರಲ್ಲಿ ಕೇಂದ್ರ ಸರ್ಕಾರವು ಲಾರಿಗಳ ಭಾರದ ಮಿತಿಯನ್ನೇ ಏರಿಸಿ, ಮೂರು ಅಚ್ಚಿನ ಲಾರಿ 25 ಟನ್ನಿಗೆ ಬದಲು 28.5 ಟನ್ನಿನವರೆಗೆ ತೂಗಬಹುದೆಂದು ಅಪ್ಪಣೆ ಕೊಟ್ಟಿತು. ಕಾಗದದ ಮೇಲೆ ಒಂದು ಅಂಕಿ ಬದಲಾಯಿಸುವುದು ಸುಲಭ. ಆ ದಿನ ಯಾವ ಸೇತುವೆಯ ಕಂಬವೂ ಒಂದಂಗುಲ ದಪ್ಪವಾಗಲಿಲ್ಲ.

ರೋಗ ಇರುವುದು ಬುಡದಲ್ಲಿ

ಹಳೆಯ ಕಮಾನು ಸೇತುವೆ ಭಾರದಿಂದ ಬೀಳುವುದು ಅಪರೂಪ. ಅದರ ಶತ್ರುಗಳು ಬೇರೆ. ಮೊದಲನೆಯದು ಒಂದು ಹಕ್ಕಿಯ ಹಿಕ್ಕೆಯಲ್ಲಿ ಬರುತ್ತದೆ: ಅರಳಿಯ ಬೀಜ. ಗಾರೆ ಉದುರಿದ ಸಂದಿನಲ್ಲಿ ಅದು ಮೊಳೆತು, ಎರಡೆಲೆ ಬಿಟ್ಟು ಗಾಳಿಗೆ ಆಡುವಾಗ ನೋಡಲು ಚೆಂದ. ಹತ್ತು ವರ್ಷದಲ್ಲಿ ಅದರ ಬೇರು ಆನೆಗೂ ಆಗದ ಕೆಲಸ ಮಾಡಿ ಕಲ್ಲುಗಳನ್ನು ಬಿಡಿಸಿಬಿಡುತ್ತದೆ. ಮೇಲಿಂದ ಗಿಡ ಕಡಿದರೆ ಸಾಲದು, ಬೇರು ಸಾಯಬೇಕು. ಗಿಡ ಕಡಿದದ್ದನ್ನೇ ದುರಸ್ತಿಯೆಂದು ಬರೆದು ಬಿಲ್ಲು ಮಾಡುವವರೂ ಇಲ್ಲದಿಲ್ಲ. ಎರಡನೆಯದು ಮಳೆನೀರು. ಸೇತುವೆಯ ಮೇಲಿನ ನೀರು ಹರಿದುಹೋಗುವ ತೂಬುಗಳು ಮಣ್ಣು ಕಸದಿಂದ ಮುಚ್ಚಿಕೊಂಡರೆ, ನೀರು ಒಳಗಿನ ತುಂಬುಮಣ್ಣಿಗೆ ಇಳಿದು ಪಕ್ಕದ ಗೋಡೆಗಳನ್ನು ಹೊರಕ್ಕೆ ದೂಡುತ್ತದೆ, ಸುಣ್ಣವನ್ನು ಕರಗಿಸುತ್ತದೆ. ಕಮಾನಿನ ಅಡಿಯಲ್ಲಿ ಬಿಳಿಯ ಗಡ್ಡದಂತೆ ಇಳಿಬಿದ್ದಿರುವ ಸುಣ್ಣದ ಕಲೆ ಇದರ ಸಾಕ್ಷಿ.

ಮೂರನೆಯ ಶತ್ರುವೇ ಎಲ್ಲಕ್ಕಿಂತ ಘೋರ. ಅದು ಕಣ್ಣಿಗೆ ಕಾಣುವುದಿಲ್ಲ. ಪ್ರವಾಹದ ನೀರು ಕಂಬಕ್ಕೆ ಬಡಿದು ಕೆಳಮುಖವಾಗಿ ಸುಳಿಯುತ್ತ, ಕಂಬದ ಬುಡದ ಮರಳನ್ನು ಕೊರೆದು ಎತ್ತಿ ಒಯ್ಯುತ್ತದೆ. ಇಂಜಿನಿಯರುಗಳು ಇದನ್ನು ತಳಕೊರೆತವೆನ್ನುತ್ತಾರೆ. ದಿಮ್ಮಿ, ಬಿದಿರುಮೆಳೆ ಬಂದು ಕಂಬಗಳ ನಡುವೆ ಸಿಕ್ಕಿಕೊಂಡರೆ ಕೊರೆತ ಇಮ್ಮಡಿ. ಸೋಜಿಗವೇನೆಂದರೆ, ಪ್ರವಾಹ ಇಳಿಯುವಾಗ ಅದೇ ಹೊಳೆ ಹೊಸ ಮರಳನ್ನು ತಂದು ಆ ಗುಂಡಿಯನ್ನು ತುಂಬಿ ಮಟ್ಟಮಾಡಿ ಹೋಗುತ್ತದೆ. ಕಳ್ಳನೇ ಕನ್ನಕ್ಕೆ ಮಣ್ಣು ಮೆತ್ತಿ ಹೋದ ಹಾಗೆ. ಡಿಸೆಂಬರಿನಲ್ಲಿ ಬಂದು ನೋಡಿದವನಿಗೆ ಎಲ್ಲವೂ ನೆಟ್ಟಗಿರುವಂತೆ ತೋರುತ್ತದೆ. ಹೊಸದಾಗಿ ಬಿದ್ದ ಆ ಸಡಿಲ ಮರಳು ಮುಂದಿನ ಪ್ರವಾಹದ ಮೊದಲ ಗಳಿಗೆಯಲ್ಲಿಯೇ ಕರಗುವುದೆಂಬುದನ್ನು ಕಬ್ಬಿಣದ ಸಲಾಕೆ ಇಳಿಸಿ ನೋಡಿದವನು ಮಾತ್ರ ಬಲ್ಲ. ಇದಕ್ಕೆ ಜೊತೆಯಾಗಿ ಸೇತುವೆಯ ಬಳಿಯೇ ಮರಳು ತೆಗೆಯುವವರು ಹೊಳೆಯ ತಳವನ್ನು ಅಡಿ ಅಡಿಯಾಗಿ ಇಳಿಸುತ್ತಾರೆ. 2018ರ ಜೂನ್ 25ರಂದು ದಕ್ಷಿಣ ಕನ್ನಡದ ಮೂಲರಪಟ್ಣದಲ್ಲಿ ಫಲ್ಗುಣಿಗೆ ಕಟ್ಟಿದ್ದ ಸೇತುವೆ ಕುಸಿದಾಗ ಸುತ್ತಲಿನ ಜನ ಮೊದಲು ಬೆರಳು ತೋರಿಸಿದ್ದು ಮರಳಿನ ಕಡೆಗೆ.

ಮಹಾಡದ ಆ ರಾತ್ರಿ

“ಹಳೇದೇ ಗಟ್ಟಿ” ಎಂಬುದರ ಉಳಿದರ್ಧವನ್ನು ಕಾಣಬೇಕಾದರೆ ಮಹಾರಾಷ್ಟ್ರದ ಮಹಾಡಕ್ಕೆ ಹೋಗಬೇಕು. ಮುಂಬಯಿ-ಗೋವಾ ಹೆದ್ದಾರಿಯಲ್ಲಿ ಸಾವಿತ್ರಿ ನದಿಗೆ 1928ರ ಸುಮಾರಿನಲ್ಲಿ ಕಟ್ಟಿದ ಕಲ್ಲಿನ ಕಮಾನು ಸೇತುವೆಯೊಂದಿತ್ತು; ಅದರ ಪಕ್ಕದಲ್ಲಿಯೇ ಹೊಸದೂ ಒಂದಿತ್ತು. 2016ರ ಮೇ ತಿಂಗಳಲ್ಲಿ ಹಳೆಯ ಸೇತುವೆಯ ತಪಾಸಣೆ ನಡೆದು, ಸಂಚಾರಕ್ಕೆ ಅಪಾಯವಿಲ್ಲವೆಂದು ವರದಿಯಾಯಿತು. ಆಗಸ್ಟ್ 2ರ ರಾತ್ರಿ ಕುಂಭದ್ರೋಣ ಮಳೆಯಲ್ಲಿ ನದಿ ಉಕ್ಕಿಬಂದು ಆ ಸೇತುವೆಯನ್ನು ಒಯ್ದುಬಿಟ್ಟಿತು. ಕತ್ತಲೆಯಲ್ಲಿ ಬಂದ ಎರಡು ಸಾರಿಗೆ ಬಸ್ಸುಗಳು, ಅವುಗಳ ಹಿಂದೆ ಬೇರೆ ವಾಹನ, ಸೇತುವೆಯಿದೆಯೆಂಬ ಭರವಸೆಯ ಮೇಲೆ ನೇರ ನೀರಿಗೆ ಇಳಿದುವು. ಹತ್ತಿರದ ಗ್ಯಾರೇಜಿನಲ್ಲಿದ್ದ ಕೆಲಸಗಾರನೊಬ್ಬ ವಾಹನದ ದೀಪಗಳು ಹಠಾತ್ತಾಗಿ ಮಾಯವಾದುದನ್ನು ಕಂಡು ಕೂಗಿಕೊಂಡು ಓಡದಿದ್ದರೆ ಇನ್ನೆಷ್ಟು ಹೋಗುತ್ತಿದ್ದುವೋ! ನಲವತ್ತಕ್ಕೆ ಸಮೀಪದಷ್ಟು ಜನ ಸತ್ತರು ಇಲ್ಲವೆ ಕಾಣೆಯಾದರು. ಬಸ್ಸುಗಳನ್ನು ಹುಡುಕಲು ನೌಕಾದಳದ ಮುಳುಗುಗಾರರಿಗೆ ಎಷ್ಟೋ ದಿನ ಹಿಡಿಯಿತು.

ಮೇ ತಿಂಗಳ ತಪಾಸಣೆ, ಆಗಸ್ಟಿನ ಸಾವು: ಈ ಎರಡು ತಿಂಗಳ ನಡುವಣ ಅಂತರವೇ ಈ ವಿಷಯದ ತಿರುಳು. ರಸ್ತೆಯ ಮೇಲೆ ಜೀಪು ನಿಲ್ಲಿಸಿ, ಅಂಚಿನ ಗೋಡೆಯಿಂದ ಬಗ್ಗಿ ನೋಡಿ, ನಮೂನೆಯ ಕಾಗದದಲ್ಲಿ ಗುರುತು ಹಾಕಿ ಹೋಗುವುದೂ ತಪಾಸಣೆಯೇ. ನೀರಿಗಿಳಿದು ಬುಡ ಮುಟ್ಟಿ ನೋಡುವುದೂ ತಪಾಸಣೆಯೇ. ವರದಿಯಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು.

ಹಾಗೆಂದು ಹಳೆಯದನ್ನೆಲ್ಲ ಕೆಡವಿ ಹೊಸದನ್ನು ಕಟ್ಟಿದರೆ ಚಿಂತೆ ತೀರಿತೆ? ಕಾರವಾರದವರನ್ನು ಕೇಳಬೇಕು. ಕೋಡಿಬಾಗ ಸದಾಶಿವಗಡಗಳ ನಡುವೆ ಕಾಳಿ ನದಿಗೆ ಇದ್ದ ಹೆದ್ದಾರಿ ಸೇತುವೆ ಕಾಂಕ್ರೀಟಿನದು. ನಾಲ್ಕು ದಶಕದ ಪ್ರಾಯ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಅದು ತುಂಡುತುಂಡಾಗಿ ನದಿಗೆ ಬಿತ್ತು. ಲಾರಿಯೊಂದು ಅದರೊಡನೆ ಕೆಳಗಿಳಿಯಿತು. ಚಾಲಕ ಮುಳುಗದೆ ಉಳಿದಿದ್ದ ಲಾರಿಯ ತಲೆಯ ಮೇಲೆ ಹತ್ತಿ ಕುಳಿತು, ಬೆಸ್ತರೂ ಪೊಲೀಸರೂ ಬರುವತನಕ ಜೀವ ಹಿಡಿದುಕೊಂಡಿದ್ದ, ಬದುಕಿಕೊಂಡ. ಮರುವರ್ಷ, 2025ರ ಜುಲೈ 9ರಂದು ಗುಜರಾತಿನಲ್ಲಿ ಮಹೀಸಾಗರ ನದಿಯ ಗಂಭೀರಾ ಸೇತುವೆ ಬಿದ್ದಾಗ ಅಷ್ಟು ಅದೃಷ್ಟವಿರಲಿಲ್ಲ. ಸುಮಾರು ಇಪ್ಪತ್ತು ಜನ ಸತ್ತರು. ಅದು ಕಟ್ಟಿದ್ದು 1985ರಲ್ಲಿ. ಮನುಷ್ಯನಲ್ಲಾದರೆ ನಡುಹರಯ.

ಕಾಂಕ್ರೀಟಿಗೆ ಇಷ್ಟು ಬೇಗ ಮುಪ್ಪು ಬರುವುದೇಕೆ? ಅದರ ಬಲವಿರುವುದು ಒಳಗಿನ ಉಕ್ಕಿನ ಸರಳಿನಲ್ಲಿ. ಅದರ ಸಾವಿರುವುದೂ ಅಲ್ಲಿಯೇ. ಸಣ್ಣ ಬಿರುಕಿನಿಂದ ನೀರೂ ಗಾಳಿಯೂ ಒಳಹೊಕ್ಕರೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಉಕ್ಕಿಗಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಜಾಗ ಸಿಗದಾಗ ಕಾಂಕ್ರೀಟನ್ನು ಒಳಗಿನಿಂದಲೇ ಸಿಡಿಸುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಈ ಕೆಲಸ ಇನ್ನೂ ಚುರುಕು. ಸುಣ್ಣಸುರ್ಕಿಯ ಕಮಾನಿಗೆ ಈ ಕಾಯಿಲೆಯಿಲ್ಲ, ಏಕೆಂದರೆ ಅದರಲ್ಲಿ ಉಕ್ಕೇ ಇಲ್ಲ. ಹಿರಿಯರು ಮೀಸೆ ತಿರುವುವುದು ಈ ಮಟ್ಟಿಗೆ ನ್ಯಾಯವೇ.

ಸುತ್ತಿಗೆಯ ಸದ್ದು

ಬೇರೆ ದೇಶದವರೂ ಈ ಪಾಠವನ್ನು ಪುಸ್ತಕದಿಂದ ಕಲಿಯಲಿಲ್ಲ. 1967ರ ಡಿಸೆಂಬರ್ 15ರ ಸಂಜೆ, ಕ್ರಿಸ್ಮಸ್ಸಿನ ಸಂಭ್ರಮದ ದಟ್ಟಣೆಯಲ್ಲಿ, ಅಮೆರಿಕದ ಓಹಾಯೋ ನದಿಯ ಮೇಲಿನ ‘ಸಿಲ್ವರ್ ಬ್ರಿಜ್’ ಒಂದೇ ನಿಮಿಷದಲ್ಲಿ ಉರುಳಿ 46 ಜನ ಸತ್ತರು. ತನಿಖೆಯವರು ಕಡೆಗೆ ಕಂಡುಹಿಡಿದದ್ದು ಒಂದು ಉಕ್ಕಿನ ಕೊಂಡಿಯಲ್ಲಿ ಅಂಗುಲದ ಹತ್ತನೆಯ ಒಂದು ಭಾಗದಷ್ಟು ಆಳದ ಸೀಳನ್ನು! ಅಲ್ಲಿಯತನಕ ಆ ಶ್ರೀಮಂತ ದೇಶದಲ್ಲಿಯೂ ಎಲ್ಲ ಸೇತುವೆಗಳನ್ನು ಕಾಲಕಾಲಕ್ಕೆ ನೋಡಲೇಬೇಕೆಂಬ ರಾಷ್ಟ್ರೀಯ ನಿಯಮವಿರಲಿಲ್ಲ; ಮರುವರ್ಷ ಕಾನೂನು ಬಂತು. ನೀರಿನೊಳಗೆ ಮುಳುಗಿ ಬುಡ ನೋಡುವುದಕ್ಕೆ ಬೇಕಾದ ಎಚ್ಚರ ಹುಟ್ಟಬೇಕಾದರೆ ಇನ್ನೂ ಇಪ್ಪತ್ತು ವರ್ಷ ಹೋಗಿ, 1987ರ ಏಪ್ರಿಲಿನಲ್ಲಿ ನ್ಯೂಯಾರ್ಕ್ ಸೀಮೆಯ ಸ್ಕೊಹೇರಿ ಹೊಳೆಯ ಸೇತುವೆ ತಳಕೊರೆತದಿಂದ ಬಿದ್ದು ಹತ್ತು ಜನ ಸಾಯಬೇಕಾಯಿತು.

ನಮ್ಮಲ್ಲಿ ಈ ಶಿಸ್ತನ್ನು ಬಹುಕಾಲದಿಂದ ಪಾಲಿಸಿಕೊಂಡು ಬಂದವರೆಂದರೆ ರೈಲ್ವೆಯವರು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ರೈಲು ಬಂತು. ರೈಲ್ವೆಯ ಪ್ರತಿಯೊಂದು ಸೇತುವೆಗೂ ಒಂದು ನಂಬರು, ಒಂದು ರಿಜಿಸ್ಟರು. ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ಇಂಜಿನಿಯರು ಬಂದು ನೋಡಿ ರುಜು ಹಾಕಬೇಕು. ಕಂಬದ ಮೇಲೆ ಅಪಾಯದ ಮಟ್ಟವನ್ನು ಬಣ್ಣದಲ್ಲಿ ಬರೆದಿರಬೇಕು. ಭಯವಿರುವ ಕಡೆ ಮಳೆಗಾಲದ ರಾತ್ರಿ ಕಾವಲುಗಾರ ಲಾಂದ್ರ ಹಿಡಿದು ನಿಲ್ಲಬೇಕು. ಮಹಾಡದಲ್ಲಿ ಅಂತಹ ಲಾಂದ್ರವೊಂದಿದ್ದಿದ್ದರೆ!

ರಸ್ತೆಯ ಸೇತುವೆಗಳಿಗೂ ನಿಯಮಗಳಿಲ್ಲವೆಂದಲ್ಲ. ಭಾರತೀಯ ರೋಡ್ ಕಾಂಗ್ರೆಸ್ಸಿನವರು ತಪಾಸಣೆಯ ಕೈಪಿಡಿಯನ್ನು 1990ರಲ್ಲಿಯೇ ಹೊರತಂದಿದ್ದಾರೆ. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹೆದ್ದಾರಿಗಳ ಸೇತುವೆ ಮೋರಿಗಳನ್ನೆಲ್ಲ ಎಣಿಸಿ, ಪ್ರತಿಯೊಂದಕ್ಕೂ ಗುರುತಿನ ಸಂಖ್ಯೆ ಕೊಟ್ಟು, ಸೊನ್ನೆಯಿಂದ ಒಂಬತ್ತರವರೆಗೆ ಅಂಕ ಹಾಕುವ ಏರ್ಪಾಡು ಮಾಡಿತು. ಒಂದೂವರೆ ಲಕ್ಷಕ್ಕೂ ಮೀರಿ ಲೆಕ್ಕಕ್ಕೆ ಬಂದುವು. ನೂರಕ್ಕೂ ಹೆಚ್ಚು ಸೇತುವೆಗಳಿಗೆ ತಕ್ಷಣವೇ ಚಿಕಿತ್ಸೆ ಬೇಕೆಂದು ಕಂಡಿತು. ಶಾಲೆಯ ಮಕ್ಕಳಂತೆ ಸೇತುವೆಗಳಿಗೂ ಮಾರ್ಕು ಸಿಗುವ ಕಾಲ ಬಂದದ್ದು ಸಂತೋಷವೇ. ಆದರೆ ಮಾರ್ಕು ಹಾಕುವ ಮೇಷ್ಟ್ರು ಉತ್ತರಪತ್ರಿಕೆಯನ್ನು ಕಡೆಯ ಪುಟದತನಕ ತಿರುವಿದನೇ ಎಂಬ ಪ್ರಶ್ನೆ ಉಳಿಯುತ್ತದೆ. ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ, ಊರೊಳಗಿನ ರಸ್ತೆಗಳ ಸೇತುವೆಗಳು ಈ ಎಣಿಕೆಯ ಆಚೆಗೇ ಉಳಿದುವು. ಮೂಲರಪಟ್ಣದ್ದು ಅಂಥದೇ ಸೇತುವೆ.

ಸರಿಯಾದ ತಪಾಸಣೆ ನೋಡಲು ಬಹಳ ಸಾದಾ ಕೆಲಸ. ಏಪ್ರಿಲ್ ಮೇ ತಿಂಗಳಲ್ಲಿ ತುಂಗೆ ಬಂಡೆಗಳ ನಡುವೆ ಬಡಕಲಾಗಿ ಹರಿಯುವಾಗ, ಭದ್ರೆಯ ನೀರಿನ ಬಹುಪಾಲು ನಾಲೆಗಳ ಪಾಲಾಗಿರುವಾಗ, ಇಂಜಿನಿಯರು ಹೊಳೆಗೆ ಇಳಿಯಬೇಕು. ಕೈಯಲ್ಲಿ ಒಂದು ಸುತ್ತಿಗೆ, ಅಳತೆಯ ಟೇಪು, ಉದ್ದನೆಯ ಸಲಾಕೆ, ಸುಣ್ಣದ ಕಡ್ಡಿ. ಕಲ್ಲನ್ನು ತಟ್ಟಿದಾಗ ‘ಟಣ್’ ಎಂದರೆ ಗಟ್ಟಿ; ‘ದಬ್’ ಎಂದರೆ ಒಳಗೆ ಪೊಳ್ಳು. ಬಿರುಕು ಕಂಡರೆ ಅದರ ಎರಡು ತುದಿಗೂ ಗುರುತು ಹಾಕಿ ತಾರೀಖು ಬರೆಯಬೇಕು. ಮುಂದಿನ ವರ್ಷ ಬಂದವನು ಅದು ಬೆಳೆದಿದೆಯೆ ನಿಂತಿದೆಯೆ ಎಂದು ಹೇಳಬಲ್ಲ. ನಿಂತ ಬಿರುಕು ಹಳೆಯ ಗಾಯದ ಕಲೆ, ಬೆಳೆಯುವ ಬಿರುಕು ಕಾಯಿಲೆ. ಕಮಾನಿನ ಬೆನ್ನು ಎಲ್ಲಿಯಾದರೂ ಚಪ್ಪಟೆಯಾಗಿದೆಯೆ, ನೀರು ಸೀಳುವ ಮೂತಿಯ ಕಲ್ಲು ಜಾರಿದೆಯೆ, ಬುಡದ ಸುತ್ತ ಹಾಸಿದ ಬಂಡೆಗಳು ಕಳೆದ ವರ್ಷವಿದ್ದಲ್ಲಿಯೇ ಇವೆಯೆ, ಇವೆಲ್ಲ ನೋಡಬೇಕಾದುವು. ಇಷ್ಟರಿಂದಲೂ ಸಂಶಯ ತೀರದಿದ್ದರೆ ಯಂತ್ರಗಳಿವೆ: ಶಬ್ದದ ಅಲೆಗಳನ್ನು ಹಾಯಿಸಿ ಒಳಗಿನ ಪೊಳ್ಳನ್ನು ಹಿಡಿಯುವಂಥವು, ಕೈಚಾಚಿ ಸೇತುವೆಯ ಅಡಿಗೆ ಮನುಷ್ಯನನ್ನು ಇಳಿಸುವ ಲಾರಿಗಳು. ಕಡೆಯ ಪರೀಕ್ಷೆಯೆಂದರೆ ತೂಕ ತುಂಬಿದ ಲಾರಿಗಳನ್ನು ಇಪ್ಪತ್ತನಾಲ್ಕು ಗಂಟೆ ಮೇಲೆ ನಿಲ್ಲಿಸಿ, ಎಷ್ಟು ಬಾಗಿತೆಂದೂ, ಭಾರ ಇಳಿಸಿದ ಮೇಲೆ ಎಷ್ಟು ಹಿಂದಕ್ಕೆ ಬಂತೆಂದೂ ಅಳೆಯುವುದು. ಉಕ್ಕಿನ ಸರಳಿನ ಸಾಮಾನ್ಯ ಕಾಂಕ್ರೀಟು ಸೇತುವೆಯಾದರೆ ಬಾಗಿದುದರಲ್ಲಿ ನೂರಕ್ಕೆ ಎಪ್ಪತ್ತೈದು ಪಾಲಾದರೂ ಹಿಂದೆ ಬರಲೇಬೇಕು.

ಈ ಕೆಲಸಕ್ಕೆ ಹಣ ಹೆಚ್ಚು ಬೇಡ, ಮನುಷ್ಯರು ಬೇಕು. ಅದೇ ಕಷ್ಟ. ಹೊಸ ಸೇತುವೆಗೆ ಶಿಲಾಫಲಕವುಂಟು, ಅದರ ಮೇಲೆ ಮಂತ್ರಿಗಳ ಹೆಸರುಂಟು. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಂಬದ ಬುಡ ತಟ್ಟಿ ಬಂದವನಿಗೆ ಹಾರ ಹಾಕಿದವರಿಲ್ಲ. ಅವನು ಬರೆದ “ಭಾರಿ ವಾಹನ ನಿಲ್ಲಿಸುವುದು ಒಳ್ಳೆಯದು” ಎಂಬ ಒಂದು ಸಾಲನ್ನು ಜಾರಿಗೆ ತಂದರೆ ಊರಿನವರ ಬೈಗುಳ ಬೇರೆ: ಸುತ್ತುಬಳಸಿ ಹೋಗಬೇಕಾದ ಲಾರಿಯವರದು, ಹೊತ್ತಿಗೆ ಬಾರದ ಬಸ್ಸಿಗೆ ಕಾದವರದು, ಸಂತೆಗೆ ತಡವಾದವರದು. ಮಂಗಳೂರಿನ ಬಳಿ ಕೂಳೂರಿನಲ್ಲಿ ಫಲ್ಗುಣಿಗೆ 1952ರಲ್ಲಿ ಕಟ್ಟಿದ ಕಮಾನು ಸೇತುವೆಯ ಅಂತ್ಯಕಾಲ ಸಮೀಪಿಸಿತೆಂದು ಇಂಜಿನಿಯರುಗಳು ಹೇಳಿದ ಮೇಲೆಯೂ ಅದು ವರ್ಷಗಟ್ಟಲೆ ಹೆದ್ದಾರಿಯ ಭಾರ ಹೊರಬೇಕಾಯಿತು. ಪಕ್ಕದ ಹೊಸತು ಮುಗಿಯದೆ ಅದಕ್ಕೆ ಬಿಡುಗಡೆಯಿಲ್ಲ.

ಶಿವಮೊಗ್ಗ ಜಿಲ್ಲೆಗೆ ಈಗ ಇನ್ನೊಂದು ಬಗೆಯ ಸೇತುವೆಯೂ ಬಂದಿದೆ. ಶರಾವತಿಯ ಹಿನ್ನೀರಿನಿಂದ ದ್ವೀಪದಂತಾಗಿದ್ದ ತುಮರಿಯ ಸೀಮೆಗೆ, ಲಾಂಚಿಗೆ ಕಾದು ಕಾದು ಮುಪ್ಪಾದ ತಲೆಮಾರುಗಳ ಬಳಿಕ, 2025ರ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಉದ್ದನೆಯ ಸೇತುವೆ ತೆರೆಯಿತು. ಅದು ಕಮಾನಿನದಲ್ಲ, ಅದರ ನಡುಭಾಗ ಕಂಬದ ತುದಿಯಿಂದ ಇಳಿಬಿಟ್ಟ ಉಕ್ಕಿನ ಹುರಿಗಳಲ್ಲಿ ತೂಗುತ್ತದೆ. ಆ ಹುರಿಗಳು ಎಳೆತದ ಮೇಲೆಯೇ ನಿಂತಿವೆ. ಅಲ್ಲಿ ನೋಡಬೇಕಾದುದು ಅರಳಿಯ ಬೇರಲ್ಲ, ಸುಣ್ಣದ ಗಾರೆಯಲ್ಲ. ಹುರಿಯ ಹೊದಿಕೆ ಎಲ್ಲಿಯಾದರೂ ಸೀಳಿ ಮಲೆನಾಡಿನ ಮಳೆನೀರು ಒಳಗಿಳಿದಿದೆಯೆ, ಹುರಿಯನ್ನು ಬಿಗಿದ ಬುಡದ ಗೂಡಿನಲ್ಲಿ ತೇವ ನಿಂತಿದೆಯೆ ಎಂಬುದು. ಅದನ್ನು ನೋಡುವವನು ಹೊಳೆಗೆ ಇಳಿಯುವಂತಿಲ್ಲ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೇಲಕ್ಕೆ ಹತ್ತಬೇಕು.